ಟೈಗರ್ ಟ್ಯಾಂಕ್

ಟೈಗರ್ ಟ್ಯಾಂಕ್ ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯವು ಬಳಸಿದ ಭಾರೀ ಯುದ್ಧ ಟ್ಯಾಂಕ್. ಕಾಸೆಲ್ ನಗರದ ಹೆನ್‌ಶೆಲ್ ಕಂಪನಿಯು 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ಇಂತಹ ಸುಮಾರು 1,350 ಟ್ಯಾಂಕ್‌ಗಳನ್ನು ನಿರ್ಮಿಸಿತು. ಮುಂದೆ ಇದೇ ಹೆಸರಿನ ಇನ್ನೊಂದು ಟ್ಯಾಂಕ್ ಬಂದುದರಿಂದ ಇದನ್ನು ಟೈಗರ್-1 ಎಂದು ಗುರುತಿಸಲಾಗುತ್ತದೆ. ದಪ್ಪ ಕವಚ ಮತ್ತು ಪ್ರಬಲ ಫಿರಂಗಿಯಿಂದ ಶತ್ರುಗಳಲ್ಲಿ ಭೀತಿ ಹುಟ್ಟಿಸಿದ ಈ ಟ್ಯಾಂಕ್, ತನ್ನ ತೂಕದಿಂದಾಗಿ ಸ್ವಂತ ಸೈನ್ಯಕ್ಕೂ ದೊಡ್ಡ ಹೊರೆಯಾಯಿತು.

ಹಿನ್ನೆಲೆ

ಸೋವಿಯತ್ ಒಕ್ಕೂಟದ ಟಿ-34 ಟ್ಯಾಂಕಿಗೆ ಉತ್ತರವಾಗಿ ಟೈಗರ್ ರೂಪುಗೊಂಡಿತೆಂಬ ಮಾತು ಪ್ರಚಲಿತವಾಗಿದೆ. ಇದು ಪೂರ್ಣ ಸರಿಯಲ್ಲ. ಭಾರೀ ಟ್ಯಾಂಕಿನ ಕುರಿತು ಹಿಟ್ಲರನ ಸಮ್ಮುಖದಲ್ಲಿ ತೀರ್ಮಾನವಾದದ್ದು 1941ರ ಮೇ 26ರಂದು. ಸೋವಿಯತ್ ಒಕ್ಕೂಟದ ಮೇಲೆ ಜರ್ಮನಿಯ ದಾಳಿ ಆರಂಭವಾದದ್ದು ಅದೇ ವರ್ಷದ ಜೂನ್ 22ರಂದು. 1940ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಟ್ಯಾಂಕ್‌ಗಳ ದಪ್ಪ ಕವಚವನ್ನು ಭೇದಿಸಲು ಜರ್ಮನ್ನರು ಪಟ್ಟ ಪಾಡೇ ಇದರ ಮೂಲ ಪ್ರೇರಣೆ. ಟಿ-34ರಲ್ಲಿ ಕಾಣುವ ಇಳಿಜಾರು ಕವಚವು ಟೈಗರ್‌ನಲ್ಲಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಅದರ ಫಲಕಗಳು ಬಹುಮಟ್ಟಿಗೆ ಪೆಟ್ಟಿಗೆಯ ಗೋಡೆಗಳಂತೆ ನೆಟ್ಟಗೆ ನಿಂತಿವೆ.

ಹೆನ್‌ಶೆಲ್ ಮತ್ತು ಫರ್ಡಿನಾಂಡ್ ಪೋರ್ಷೆ ಅವರ ಮಾದರಿಗಳು 1942ರ ಏಪ್ರಿಲ್‌ನಲ್ಲಿ ಹಿಟ್ಲರನ ಮುಂದೆ ಪ್ರದರ್ಶನಗೊಂಡವು. ಪೋರ್ಷೆಯ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್‌ಗಳು ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟಾರುಗಳು ಟ್ಯಾಂಕನ್ನು ನಡೆಸುತ್ತಿದ್ದವು. ಈ ಜಟಿಲ ವ್ಯವಸ್ಥೆ ಪದೇ ಪದೇ ಕೆಡುತ್ತಿತ್ತು. ಯುದ್ಧಕಾಲದಲ್ಲಿ ದುರ್ಲಭವಾಗಿದ್ದ ತಾಮ್ರವೂ ಅದಕ್ಕೆ ಹೇರಳವಾಗಿ ಬೇಕಾಗಿತ್ತು. ಕೊನೆಗೆ ಹೆನ್‌ಶೆಲ್ ಮಾದರಿ ಆಯ್ಕೆಯಾಯಿತು. ಪೋರ್ಷೆ ಮಾದರಿಗಾಗಿ ಅದಾಗಲೇ ತಯಾರಾಗಿದ್ದ ಸುಮಾರು 90 ಒಡಲುಗಳನ್ನು 'ಫರ್ಡಿನಾಂಡ್' ಎಂಬ ಟ್ಯಾಂಕ್ ನಾಶಕ ವಾಹನಗಳಾಗಿ ಪರಿವರ್ತಿಸಲಾಯಿತು.

ವಿನ್ಯಾಸ ಮತ್ತು ತೂಕದ ಸಮಸ್ಯೆ

ಟೈಗರ್‌ನ 88 ಮಿ.ಮೀ. ಫಿರಂಗಿಯು ವಿಮಾನ ನಿರೋಧಕ ಫಿರಂಗಿಯ ವಂಶದ್ದು. ಅದನ್ನು ಹೊರಲು ಅಗಲವಾದ ತಿರುಗುವ ಗೋಪುರ ಬೇಕು. ಆ ಗೋಪುರಕ್ಕೆ ಅಗಲವಾದ ಒಡಲು ಬೇಕು. ಅಷ್ಟು ದೊಡ್ಡ ಒಡಲಿಗೆ ಮುಂಭಾಗದಲ್ಲಿ 100 ಮಿ.ಮೀ., ಪಕ್ಕಗಳ ಮೇಲ್ಭಾಗದಲ್ಲಿ 80 ಮಿ.ಮೀ. ದಪ್ಪದ ಉಕ್ಕು ಹೊದಿಸಬೇಕು. ಹೀಗೆ ತೂಕ ಸುಮಾರು 57 ಟನ್‌ಗೆ ಏರಿತು. ಆ ಕಾಲದ ಜರ್ಮನ್ ಸೈನ್ಯದ ಸಾಮಾನ್ಯ ಟ್ಯಾಂಕ್ ಆಗಿದ್ದ ಪಾಂಜರ್-4ರ ತೂಕ ಇದರ ಅರ್ಧಕ್ಕಿಂತಲೂ ಕಡಿಮೆ.

ಇಷ್ಟು ಭಾರ ನೆಲದಲ್ಲಿ ಹೂತುಹೋಗದಂತೆ 725 ಮಿ.ಮೀ. ಅಗಲದ ಸರಪಳಿ ಪಟ್ಟಿಗಳನ್ನು ಅಳವಡಿಸಲಾಯಿತು. ಚಕ್ರಗಳನ್ನು ಒಂದರ ಮೇಲೊಂದು ಹೊಂದಿಕೊಳ್ಳುವಂತೆ ಸಾಲು ಸಾಲಾಗಿ ಜೋಡಿಸಲಾಯಿತು. ಇದರಿಂದ ಭಾರ ಸಮನಾಗಿ ಹಂಚಿಹೋಗಿ ಚಲನೆ ನಯವಾಯಿತೇನೋ ನಿಜ. ಆದರೆ ಒಳಸಾಲಿನ ಒಂದು ಚಕ್ರ ಕೆಟ್ಟರೆ ಹೊರಗಿನ ಹಲವು ಚಕ್ರಗಳನ್ನು ಬಿಚ್ಚಬೇಕಾಗಿತ್ತು. ರಷ್ಯಾದ ಚಳಿಗಾಲದಲ್ಲಿ ಚಕ್ರಗಳ ನಡುವೆ ಸಿಕ್ಕಿದ ಕೆಸರು ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಟ್ಯಾಂಕ್ ಅಲುಗದಂತಾಗುತ್ತಿತ್ತು.

ರೈಲಿನಲ್ಲಿ ಸಾಗಿಸಲು ಟೈಗರ್‌ನ ಅಗಲ ಹೆಚ್ಚಾಯಿತು. ಆದ್ದರಿಂದ ಪ್ರತಿ ಬಾರಿಯೂ ಹೊರಚಕ್ರಗಳನ್ನು ಕಳಚಿ, 520 ಮಿ.ಮೀ. ಅಗಲದ ಬೇರೆ ಪಟ್ಟಿಗಳನ್ನು ತೊಡಿಸಿ, ಇಳಿಸಿದ ಮೇಲೆ ಮತ್ತೆ ಹಳೆಯವನ್ನು ಹಾಕಬೇಕಾಗಿತ್ತು. ಅನೇಕ ಸೇತುವೆಗಳು ಇದರ ಭಾರ ತಾಳುತ್ತಿರಲಿಲ್ಲ. ಈ ಕಾರಣಕ್ಕೆ ಮೊದಲ 495 ಟ್ಯಾಂಕ್‌ಗಳಿಗೆ ಸುಮಾರು 4 ಮೀಟರ್ ಆಳದ ನೀರಿನಲ್ಲಿ ಮುಳುಗಿ ನದಿ ದಾಟುವ ಸಲಕರಣೆಯನ್ನೂ ಒದಗಿಸಲಾಗಿತ್ತು. ಬಳಿಕ ಅದನ್ನು ಕೈಬಿಡಲಾಯಿತು.

ಮೊದಲಿಗೆ 650, ಆಮೇಲೆ 700 ಅಶ್ವಶಕ್ತಿಯ ಮೇಬಾಕ್ ಪೆಟ್ರೋಲ್ ಎಂಜಿನ್ ಇದರಲ್ಲಿತ್ತು. ಸುಮಾರು 540 ಲೀಟರ್ ಇಂಧನ ತುಂಬಿಸಿದರೂ ಗದ್ದೆ ಬಯಲುಗಳಲ್ಲಿ 100 ಕಿ.ಮೀ. ಆಸುಪಾಸು ಸಾಗಿದರೆ ಹೆಚ್ಚು. ವಿಶೇಷವೆಂದರೆ ನಡೆಸುವುದು ಕಷ್ಟವಿರಲಿಲ್ಲ. ಕಾರಿನಂತೆ ಸ್ಟೀರಿಂಗ್ ಚಕ್ರವಿತ್ತು. ಯಂತ್ರವನ್ನು ಜೋಪಾನವಾಗಿ ಬಳಸುವುದನ್ನು ಕಲಿಸಲು 1943ರಲ್ಲಿ ಪದ್ಯ ಮತ್ತು ವ್ಯಂಗ್ಯಚಿತ್ರಗಳಿಂದ ಕೂಡಿದ 'ಟೈಗರ್‌ಫೀಬೆಲ್' ಎಂಬ ಕೈಪಿಡಿಯನ್ನೇ ಹೊರತರಲಾಯಿತು. ಒಣ ಸೈನಿಕ ಸೂಚನೆಗಳಿಗಿಂತ ಇದು ಉತ್ತಮ ಬೋಧನಾಕ್ರಮವೆಂದೇ ಹೇಳಬೇಕು.

ತಯಾರಿಕೆ

ಒಂದು ಟೈಗರ್‌ನ ವೆಚ್ಚ ಪಾಂಜರ್-4ರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಹೆನ್‌ಶೆಲ್ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆಗೆ ತಂದ ವಿದೇಶೀಯರೂ ಕೆಲಸ ಮಾಡಬೇಕಾಯಿತು. ಇದಕ್ಕೆ ಪ್ರತಿಯಾಗಿ ಅಮೆರಿಕದ ಶರ್ಮನ್ ಟ್ಯಾಂಕ್‌ಗಳು ಸುಮಾರು 50,000 ತಯಾರಾದವು. ಟಿ-34ರ ಸಂಖ್ಯೆಯೂ ಅಷ್ಟಕ್ಕೆ ಕಡಿಮೆಯಿರಲಿಲ್ಲ.

ಯುದ್ಧರಂಗದಲ್ಲಿ

1942ರಲ್ಲಿ ಲೆನಿನ್‌ಗ್ರಾಡ್ ಬಳಿಯ ಜೌಗು ನೆಲದಲ್ಲಿ ಟೈಗರ್ ಮೊದಲು ಕಣಕ್ಕಿಳಿಯಿತು. ಜಾಗ ಸೂಕ್ತವಾಗಿರಲಿಲ್ಲ, ಯಂತ್ರದೋಷಗಳೂ ಕಾಡಿದವು. ಬಯಲು ಪ್ರದೇಶದಲ್ಲಿ ಮಾತ್ರ ಅದು ಬಹು ದೂರದಿಂದಲೇ ಎದುರಾಳಿ ಟ್ಯಾಂಕ್‌ಗಳನ್ನು ಒಡೆಯಬಲ್ಲದಾಗಿತ್ತು. 1944ರ ಹೊತ್ತಿಗೆ ಬ್ರಿಟಿಷರ ಶರ್ಮನ್ ಫೈರ್‌ಫ್ಲೈ, ಸೋವಿಯತ್ ಐಎಸ್-2 ಮೊದಲಾದವು ಬಂದು ಈ ಮೇಲುಗೈ ಕುಗ್ಗಿತು.

ಕೆಟ್ಟುನಿಂತ ಟೈಗರನ್ನು ಎಳೆಯಲು ಸೈನ್ಯದ ಅತಿ ದೊಡ್ಡ ಎಳೆಯುವ ವಾಹನಗಳು ಎರಡು ಮೂರು ಬೇಕಾಗುತ್ತಿದ್ದವು. ಇನ್ನೊಂದು ಟೈಗರ್‌ನಿಂದ ಎಳೆಸಿದರೆ ಅದೂ ಕೆಡುವ ಭಯವಿದ್ದುದರಿಂದ ನಿಯಮಗಳಲ್ಲಿ ಅದಕ್ಕೆ ನಿಷೇಧವಿತ್ತು. ತುರ್ತಿನಲ್ಲಿ ನಿಯಮ ಮುರಿಯುತ್ತಿದ್ದುದೂ ಉಂಟು. ಸೈನ್ಯ ಹಿಮ್ಮೆಟ್ಟತೊಡಗಿದ ಮೇಲೆ ಸಣ್ಣ ದೋಷಕ್ಕೆ ಅಥವಾ ಇಂಧನದ ಕೊರತೆಗೆ ನಿಂತುಹೋದ ಅನೇಕ ಟ್ಯಾಂಕ್‌ಗಳನ್ನು ಅವುಗಳ ಸೈನಿಕರೇ ಸ್ಫೋಟಿಸಿ ಬಿಟ್ಟುಹೋದರು.

ನಂತರದ ಮಾದರಿಗಳು

ಇಷ್ಟಾದರೂ ತೂಕ ಇಳಿಸುವ ಯೋಚನೆ ಬರಲಿಲ್ಲ. ಟೈಗರ್-2 ಇಳಿಜಾರು ಕವಚ ಪಡೆದು ಸುಮಾರು 70 ಟನ್ ತೂಗಿತು. ಎಂಜಿನ್ ಮಾತ್ರ ಅದೇ 700 ಅಶ್ವಶಕ್ತಿಯದು. ಒಟ್ಟು 492 ತಯಾರಾದವು. ಪೋರ್ಷೆ ರೂಪಿಸಿದ 188 ಟನ್‌ನ ದೈತ್ಯ ಟ್ಯಾಂಕಿಗೆ 'ಮೌಸ್', ಅಂದರೆ ಇಲಿ, ಎಂದು ಹೆಸರಿಡಲಾಯಿತು. ಅದು ಎರಡು ಪ್ರಾಯೋಗಿಕ ಮಾದರಿಗಳಿಗೇ ನಿಂತಿತು.

ಉಳಿದಿರುವ ಟ್ಯಾಂಕ್‌ಗಳು

1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ವಶವಾದ 'ಟೈಗರ್ 131' ಇಂಗ್ಲೆಂಡಿನ ಬೋವಿಂಗ್ಟನ್‌ನ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ದುರಸ್ತಿಗೊಳಿಸಿ ಚಲಿಸುವ ಸ್ಥಿತಿಗೆ ತರಲಾಗಿದ್ದು, 2014ರ 'ಫ್ಯೂರಿ' ಚಲನಚಿತ್ರದಲ್ಲಿ ಬಳಸಲಾಗಿದೆ.