ಬಂಕಾಪುರದ ಗುರುಪೀಠವೂ ನೀತಿಶಿಕ್ಷಣದ ಪ್ರಶ್ನೆಯೂ

ವಿದ್ಯಾಲಯಗಳಲ್ಲಿ ನೀತಿಶಿಕ್ಷಣ ಬೇಕೆಂಬ ಮಾತು ಎದ್ದಾಗಲೆಲ್ಲ ಎರಡು ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ: ಯಾವ ಪುಸ್ತಕದಿಂದ? ವಾರಕ್ಕೆ ಎಷ್ಟು ತಾಸು? ಯಾರಿಂದ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರದ ಇತಿಹಾಸವನ್ನು ಅವಲೋಕಿಸಿದರೆ, ಅಲ್ಲಿ ಈ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಿತ್ತೆಂಬುದು ಗೋಚರವಾಗುತ್ತದೆ. ಹಾಳುಬಿದ್ದ ಕೋಟೆಯಿಂದಲೂ ಅರವತ್ತು ಕಂಬಗಳ ನಗರೇಶ್ವರ ದೇವಾಲಯದಿಂದಲೂ ನವಿಲುಗಳಿಂದಲೂ ಪ್ರಸಿದ್ಧವಾದ ಈ ಊರು ಒಂದು ಕಾಲಕ್ಕೆ ವಿದ್ಯೆಯ ನೆಲೆಯಾಗಿತ್ತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಮರೆಯುವುದುಂಟು.

ಊರಿಗೆ ಹೆಸರು ಬಂದದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕನಾಗಿದ್ದ ಬಂಕೇಯನಿಂದ. ಆ ನೃಪತುಂಗನ ಹೆಸರಿನಲ್ಲಿ 'ಪ್ರಶ್ನೋತ್ತರ ರತ್ನಮಾಲಿಕೆ' ಎಂಬ ಚಿಕ್ಕದೊಂದು ಸಂಸ್ಕೃತ ಕೃತಿಯಿದೆ. ಅದು ಸಾಕ್ಷಾತ್ ನೀತಿಯ ಪಠ್ಯಪುಸ್ತಕ. ಒಂದು ಪ್ರಶ್ನೆ, ಅದಕ್ಕೊಂದು ಚುಟುಕಾದ ಉತ್ತರ, ಹೀಗೆ ಅದರ ಓಟ. ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಬೇರೆ ಪರಂಪರೆಗಳೂ ಅದನ್ನು ತಮ್ಮದೆನ್ನುತ್ತವೆ. ಟಿಬೆಟ್ಟಿನ ಭಾಷೆಗೂ ಅದು ಅನುವಾದಗೊಂಡಿತೆಂದರೆ ಅದರ ಪ್ರಚಾರವನ್ನು ಊಹಿಸಬಹುದು. ಇಲ್ಲಿ ಗಮನಾರ್ಹವಾದುದು ಕೃತಿಯ ಕೊನೆಯ ಮಾತು: ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅರಸನು ಇದನ್ನು ರಚಿಸಿದನೆಂದು ಅದು ಹೇಳುತ್ತದೆ. ಉಪದೇಶಿಸುವವನ ಯೋಗ್ಯತೆ ಯಾವುದೆಂಬುದನ್ನು ಉಪದೇಶದ ಜೊತೆಯಲ್ಲಿಯೇ ನಮೂದಿಸುವ ಈ ಪದ್ಧತಿ ಇಂದಿನ ಪಠ್ಯಪುಸ್ತಕಗಳಿಗೆ ಒಗ್ಗುವಂಥದಲ್ಲ.

ಬಂಕೇಯನ ಮಗ ಲೋಕಾದಿತ್ಯನು ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಪೂಜೆ ಸಂದಿತೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಆ ಪ್ರಶಸ್ತಿಯನ್ನು ಬರೆದವನು ಗುಣಭದ್ರರ ಶಿಷ್ಯ ಲೋಕಸೇನ. ಗುಣಭದ್ರರಾದರೋ ತಮ್ಮ ಗುರು ಜಿನಸೇನರು ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಪೂರ್ತಿಗೊಳಿಸಿದವರು. ಗುರುವಿನ ಕೆಲಸವನ್ನು ಶಿಷ್ಯನು ಮುಗಿಸುವುದು, ಶಿಷ್ಯನ ಕೆಲಸವನ್ನು ಪ್ರಶಿಷ್ಯನು ಲೋಕಕ್ಕೆ ಸಾರುವುದು: ಮೂರು ತಲೆಮಾರುಗಳ ಈ ಋಣಸಂದಾಯದಲ್ಲಿ ನೀತಿಯ ಪಾಠವು ಬೇರೆಯಾಗಿ ಎಲ್ಲಿತ್ತು?

ಇದರ ಮುಂದಿನ ಶತಮಾನದಲ್ಲಿ ಬಂಕಾಪುರದೊಡನೆ ಅಜಿತಸೇನಾಚಾರ್ಯರ ಹೆಸರು ಸೇರುತ್ತದೆ. ಚಾವುಂಡರಾಯನು ಅವರ ಶಿಷ್ಯ. ಕವಿ ರನ್ನನೂ ಅವರನ್ನು ಗುರುವೆಂದು ಸ್ಮರಿಸಿದ್ದಾನೆ. ಒಬ್ಬನು ಗಂಗರಾಜ್ಯದ ಮಂತ್ರಿ ಮತ್ತು ಸೇನಾಪತಿ, ಇನ್ನೊಬ್ಬನು ಮುಧೋಳದ ಬಳೆಗಾರರ ಮನೆಯ ಹುಡುಗ. ಇಬ್ಬರಿಗೂ ಗುರು ಒಬ್ಬನೇ ಎಂಬ ಸಂಗತಿ ಸಾಮಾನ್ಯವಾದುದಲ್ಲ. ಆದರೆ ಆ ಗುರುಪೀಠದ ಮಹತ್ವವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ. ಗಂಗದೊರೆ ಇಮ್ಮಡಿ ಮಾರಸಿಂಹನು ಗೆದ್ದ ಕದನಗಳನ್ನೂ ಮುರಿದ ಕೋಟೆಗಳನ್ನೂ ಅದು ಉದ್ದಕ್ಕೂ ಎಣಿಸುತ್ತ ಹೋಗುತ್ತದೆ. ಕಡೆಯಲ್ಲಿ, ರಾಜ್ಯವನ್ನು ಬಿಟ್ಟು ಒಂದು ವರ್ಷ ಕಳೆದ ಮೇಲೆ ಅವನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನೋಂತು ಮುಡಿಪಿದನೆಂದು ಹೇಳಿ ಮುಗಿಸುತ್ತದೆ. ಇದು ನಡೆದದ್ದು 974ರ ಸುಮಾರಿಗೆ. ಸಲ್ಲೇಖನವು ಜೈನಧರ್ಮದ ಆಚಾರ. ವೀರಶೈವರ ಲಿಂಗೈಕ್ಯದ ಕಲ್ಪನೆ ಬೇರೆ. ಆದರೂ ಅಧಿಕಾರದ ತುತ್ತತುದಿಯಲ್ಲಿದ್ದ ಅರಸನೊಬ್ಬನು ಕೊನೆಯ ಪಾಠಕ್ಕಾಗಿ ತನ್ನ ಅರಮನೆಯ ಪಂಡಿತರನ್ನು ಕರೆಸದೆ ತಾನೇ ಗುರುವಿದ್ದಲ್ಲಿಗೆ ನಡೆದುಬಂದನೆಂಬುದು ಯಾವ ಮತದವರಿಗೂ ಚಿಂತನೀಯವಾದುದು.

ಕಾಲಾನಂತರ ಬಂಕಾಪುರದ ಕೋಟೆ ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಹಳೆಯ ವಿದ್ಯಾಕೇಂದ್ರ ಅಳಿಯಿತು. ನೀತಿಯ ಬೋಧನೆ ಮಾತ್ರ ಆ ನೆಲವನ್ನು ಬಿಡಲಿಲ್ಲ. ಸಮೀಪದ ಬಾಡದಲ್ಲಿ ಜನಿಸಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಭತ್ತ ಮತ್ತು ರಾಗಿಗಳ ಜಗಳವನ್ನು ಕಥೆಯಾಗಿಸಿ, ಸೆರೆಯಲ್ಲಿಟ್ಟು ತೆಗೆದಾಗ ಯಾವುದು ಕೆಡದೆ ಉಳಿಯಿತೆಂಬುದನ್ನು ತೋರಿಸಿದರು. ಮೇಲುಕೀಳಿನ ವಿಚಾರವಾಗಿ ಮಕ್ಕಳಿಗೆ ಹೇಳಬಹುದಾದ ಪಾಠ ಅದಕ್ಕಿಂತ ಸರಳವಾದುದು ಇನ್ನೊಂದು ಸಿಗಲಾರದು. ಶಿಶುವಿನಹಾಳದ ಷರೀಫರು (1819-1889) ಕೆಲಕಾಲ ಕನ್ನಡ ಶಾಲೆಯ ಶಿಕ್ಷಕರಾಗಿದ್ದವರು. ಅವರು ಜನಮನದಲ್ಲಿ ಉಳಿದದ್ದು ಮಾತ್ರ ಆ ನೌಕರಿಯಿಂದಲ್ಲ, ಕಳಸದ ಗೋವಿಂದಭಟ್ಟರ ಶಿಷ್ಯತ್ವದಿಂದ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ! ಇಬ್ಬರನ್ನೂ ಅವರವರ ಜನ ನಿಂದಿಸಿದರೆಂಬ ಕಥೆಗಳು ಆ ಸೀಮೆಯಲ್ಲಿ ಇಂದಿಗೂ ಬಳಕೆಯಲ್ಲಿವೆ.

ಷರೀಫರ ಜೀವಿತಕಾಲದಲ್ಲಿಯೇ ಈ ನಾಡಿನ ಶಿಕ್ಷಣಕ್ರಮ ಬೇರೆ ದಾರಿ ಹಿಡಿಯಿತು. ಬಂಕಾಪುರವು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಒಂದು ತಾಲ್ಲೂಕಿನ ಹೆಸರು. 1854ರ ವುಡ್ ಅವರ ಶಿಕ್ಷಣಪತ್ರವು ಸರ್ಕಾರಿ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು ವಿಧಿಸಿತು. ಅನೇಕ ಮತಗಳ ದೇಶದಲ್ಲಿ ಪರಕೀಯ ಸರ್ಕಾರವೊಂದು ಹೀಗೆ ತಟಸ್ಥವಾಗಿರುವುದು ಅನಿವಾರ್ಯವಿತ್ತು, ಕ್ಷೇಮಕರವೂ ಆಗಿತ್ತು. ಆದರೆ ಇದರಿಂದ ಉಂಟಾದ ತೆರಪನ್ನು ತುಂಬುವುದು ಹೇಗೆಂಬ ಚಿಂತೆ ಸರ್ಕಾರವನ್ನು ಬಿಡಲಿಲ್ಲ. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಸಹಜಧರ್ಮದ ಮೂಲತತ್ತ್ವಗಳನ್ನು ಆಧರಿಸಿದ ಒಂದು ನೀತಿಪುಸ್ತಕವನ್ನು ಸಿದ್ಧಪಡಿಸಿ ಎಲ್ಲ ಕಾಲೇಜುಗಳಲ್ಲಿ ಕಲಿಸಬಹುದೆಂದೂ, ಮನುಷ್ಯನ ಮತ್ತು ಪೌರನ ಕರ್ತವ್ಯಗಳನ್ನು ಕುರಿತು ಪ್ರಾಧ್ಯಾಪಕರು ಉಪನ್ಯಾಸ ಕೊಡಬೇಕೆಂದೂ ಶಿಫಾರಸು ಮಾಡಿತು. ಇದನ್ನು ಆಯೋಗದೊಳಗಿನಿಂದಲೇ ವಿರೋಧಿಸಿ ಭಿನ್ನಮತವನ್ನು ದಾಖಲಿಸಿದವರು ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗರು. ಅವರು ಧರ್ಮವಿರೋಧಿಯಾಗಿದ್ದವರಲ್ಲ, ಅದೇ 1882ರಲ್ಲಿ ಭಗವದ್ಗೀತೆಯ ಅವರ ಇಂಗ್ಲಿಷ್ ಅನುವಾದ ಪ್ರಕಟವಾಗಿತ್ತು. ಗೀತೆಯನ್ನು ಅಷ್ಟು ಆಸ್ಥೆಯಿಂದ ಅನುವಾದಿಸಿದ ಪಂಡಿತನೇ ಸರ್ಕಾರಿ ನೀತಿಪುಸ್ತಕ ಬೇಡವೆಂದದ್ದು ಆಲೋಚಿಸತಕ್ಕ ವಿಷಯ. ಕಾಲೇಜುಗಳಿಗೆಲ್ಲ ಅಂಥ ಒಂದೇ ಪುಸ್ತಕ ಬಳಕೆಗೆ ಬರಲೂ ಇಲ್ಲ.

ಸ್ವಾತಂತ್ರ್ಯಾನಂತರ ಇದೇ ಪ್ರಶ್ನೆ ಮತ್ತೆ ತಲೆಯೆತ್ತಿತು. 1948-49ರ ರಾಧಾಕೃಷ್ಣನ್ ಆಯೋಗವು ವಿಶ್ವವಿದ್ಯಾಲಯಗಳಲ್ಲಿ ದಿನದ ಕೆಲಸವನ್ನು ಮೌನಧ್ಯಾನದಿಂದ ಆರಂಭಿಸಬೇಕೆಂದೂ, ಮೊದಲ ವರ್ಷ ಮಹಾತ್ಮರ ಚರಿತ್ರೆಗಳನ್ನು ಓದಿಸಬೇಕೆಂದೂ ಸೂಚಿಸಿತು. ಬುದ್ಧ, ಕನ್ಫ್ಯೂಷಿಯಸ್, ಸಾಕ್ರೆಟಿಸ್, ಏಸು, ಆಚಾರ್ಯತ್ರಯರು, ಮಹಮ್ಮದ್, ಕಬೀರ, ನಾನಕ, ಗಾಂಧೀಜಿ ಮೊದಲಾದವರನ್ನು ಹೆಸರಿಸಿದ ಆ ಪಟ್ಟಿಯಲ್ಲಿ ಬಸವಣ್ಣನವರಿಲ್ಲ. ಕಾಯಕವನ್ನೇ ನೀತಿಯ ಒರೆಗಲ್ಲಾಗಿ ಮಾಡಿದ ಮಹಾಪುರುಷನು ಅಂಥ ಪಟ್ಟಿಯಿಂದ ಜಾರಿಹೋದದ್ದು ಕನ್ನಡಿಗರಿಗೆ ನೋವಿನ ಸಂಗತಿಯೇ ಸರಿ. ಪಟ್ಟಿಗಳಿಂದ ನೀತಿಯನ್ನು ಕಲಿಸಹೊರಟರೆ ಇಂಥ ಲೋಪ ತಪ್ಪಿದ್ದಲ್ಲವೆಂಬುದೂ ಅಷ್ಟೇ ದಿಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ಅನುಚ್ಛೇದವು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಮತಬೋಧನೆಯನ್ನು ನಿಷೇಧಿಸಿತು. 1964-66ರ ಕೊಠಾರಿ ಆಯೋಗವು ನೀತಿಶಿಕ್ಷಣಕ್ಕೆ ವಾರದಲ್ಲಿ ಒಂದೆರಡು ತಾಸುಗಳನ್ನು ಮೀಸಲಿಡಬೇಕೆಂದಿತು. ಧರ್ಮಗಳ ಮೌಲ್ಯಗಳನ್ನು ಪರಿಚಯಿಸುವುದು ಮತಬೋಧನೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತ ಮೇಲೆ ಕಾನೂನಿನ ತೊಡಕೂ ಬಹುಮಟ್ಟಿಗೆ ನಿವಾರಣೆಯಾಯಿತು. ತಾಸು ದೊರೆಯಿತು, ಅನುಮತಿಯೂ ದೊರೆಯಿತು. ಬಂಕಾಪುರಕ್ಕೆ ಸನಿಹದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಮುಂದೆ 1981ರಲ್ಲಿ, ಮೌಲ್ಯಶಿಕ್ಷಣವನ್ನೇ ಗುರಿಯಾಗಿಸಿಕೊಂಡು ಪುಟ್ಟಪರ್ತಿಯಲ್ಲಿ ತೊಡಗಿದ ಉನ್ನತ ವಿದ್ಯಾಸಂಸ್ಥೆಯ ಮೊದಲ ಕುಲಪತಿಗಳಾದರು. ಅವರು ಅಲ್ಲಿ ನೆಚ್ಚಿದ್ದು ತಾಸುಗಳಿಗಿಂತ ಹೆಚ್ಚಾಗಿ ವಸತಿಜೀವನವನ್ನು, ಗುರುಶಿಷ್ಯರ ಸಹವಾಸವನ್ನು.

ಆಯೋಗಗಳ ಈ ಚರ್ಚೆಗೆ ಹೊರತಾಗಿ ಬಂಕಾಪುರದ ನೆರೆಯ ಹಾನಗಲ್ಲಿನಲ್ಲಿ ಇನ್ನೊಂದು ಕಾರ್ಯ ಆಗಲೇ ಸಾಗಿತ್ತು. ಅಲ್ಲಿಯ ವಿರಕ್ತಮಠದ ಪೂಜ್ಯ ಕುಮಾರ ಮಹಾಸ್ವಾಮಿಗಳು (1867-1930) 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳಿಗೆ ಶಾಸ್ತ್ರ, ಯೋಗ, ಸಂಗೀತಗಳ ಶಿಕ್ಷಣವನ್ನು ಏರ್ಪಡಿಸಿದರು. ಅದು ಮಠಾಧಿಪತಿಗಳನ್ನು ಸಿದ್ಧಗೊಳಿಸುವ ಸಂಸ್ಥೆ. ಸಾರ್ವಜನಿಕ ಶಾಲೆಗೆ ಅದನ್ನು ಹಾಗೆಯೇ ಹೋಲಿಸಲಾಗದು. ಆದರೆ ಅವರ ದೃಷ್ಟಿ ಬಿದ್ದ ಮಗುವೊಂದರ ಕಥೆ ಬೇರೆಯೇ ಆದುದು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗಯ್ಯನಿಗೆ ಕಣ್ಣು ಕಾಣದು. ಅಂಥ ಹುಡುಗನಿಗೆ ಆಗಿನ ಶಾಲೆಯಲ್ಲಿ ಸ್ಥಳವಿರಲಿಲ್ಲ, ಊರಿನಲ್ಲಿ ಭಿಕ್ಷೆಯೊಂದೇ ಮಾರ್ಗ. ಅವನ ಕಂಠವನ್ನು ಗುರುತಿಸಿದ ಮಹಾಸ್ವಾಮಿಗಳು ಸಂಗೀತವನ್ನು ಕಲಿಸುವ ಹೊಣೆಯನ್ನು ವಹಿಸಿಕೊಂಡರು. ಅವನೇ ಪಂಚಾಕ್ಷರಿ ಗವಾಯಿಗಳು. ತಾವು ಪಡೆದುದನ್ನು ಅವರು ಕುರುಡ, ಅನಾಥ ಮಕ್ಕಳಿಗೆ ಅನ್ನದೊಡನೆ ಹಂಚಿದರು; ಜಾತಿ ಕೇಳಲಿಲ್ಲ. ಅವರ ಶಿಷ್ಯರಾಗಿ ಬಂದ ಇನ್ನೊಬ್ಬ ಅಂಧಬಾಲಕ, 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತು 2010ರವರೆಗೆ, ಅರವತ್ತಾರು ವರ್ಷ, ಆ ಮಕ್ಕಳಿಗೆ ಸ್ವರವನ್ನೂ ಅನ್ನವನ್ನೂ ನೀಡುತ್ತ ಬಂದರು.