ನೀರಿನ ಮೇಲಿನ ಪಾಠಶಾಲೆ

ಅಫಜಲಪುರ ತಾಲೂಕಿನ ಕರಜಗಿಗೆ ಕಡಲು ಬಹು ದೂರ. ತಾಲೂಕಿನ ಅಂಚಿನಲ್ಲಿ ಹರಿಯುವ ಭೀಮೆಯು ಕೃಷ್ಣೆಯನ್ನು ಕೂಡಿ ಪೂರ್ವ ಸಮುದ್ರವನ್ನು ಸೇರುತ್ತಾಳೆ. ನಮ್ಮ ಸೀಮೆಗೆ ಕಡಲಿನೊಡನೆ ಇರುವ ನಂಟು ಅಷ್ಟೇ ಎಂದು ತೋರಬಹುದು. ಹಾಗಿರುವಾಗ ಕಡಲಿನೊಳಗೆ ಚಾಚಿ ಕಟ್ಟಿದ ದಕ್ಕೆಗಳ ಮೇಲೆ ನಿಂತು ಜನರು ಗಾಳ ಹಾಕುವ ಮಾತು ನಮಗೇಕೆ ಎಂದು ತಾವು ಕೇಳಬಹುದು. ವಾಚಕರೇ, ಆ ವಿದ್ಯೆಯ ಒಂದು ಹಳೆಯ ಪಾಠ ಬರೆಯಲ್ಪಟ್ಟದ್ದು ಕಡಲ ತೀರದಲ್ಲಿ ಅಲ್ಲ. ನಮಗೆ ಈಶಾನ್ಯದಲ್ಲಿರುವ ಕಲ್ಯಾಣದಲ್ಲಿ.

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1126ರಿಂದ 1138ರವರೆಗೆ ಆಳಿದನು. ‘ಸರ್ವಜ್ಞ’ನೆಂಬ ಬಿರುದು ಪಡೆದ ಈ ಅರಸನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ವಿಶ್ವಕೋಶ. ರಾಜ್ಯಭಾರ, ಅಡುಗೆ, ಸಂಗೀತಗಳ ಜೊತೆಗೆ ಅದರಲ್ಲಿ ‘ಮತ್ಸ್ಯವಿನೋದ’ವೂ ಉಂಟು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಪೊರೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಆಹಾರ, ಗಾಳದ ದಾರ ಹೇಗಿರಬೇಕು ಎಂಬುದನ್ನೆಲ್ಲ ಅಲ್ಲಿ ವಿಂಗಡಿಸಿ ಹೇಳಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು.

ಆದರೆ ಅದು ಅರಸನ ವಿನೋದ, ಅರಸನ ವಿದ್ಯೆ. ದಿನವೂ ನೀರಿಗಿಳಿದು ಬಲೆ ಬೀಸುತ್ತಿದ್ದ ಬೆಸ್ತನಿಗೆ ಆ ಗ್ರಂಥ ಎಟುಕುವಂತಿರಲಿಲ್ಲ; ಅವನ ಅನುಭವಕ್ಕೆ ಅಲ್ಲಿ ಅವನ ಹೆಸರೂ ಇಲ್ಲ.

ಇನ್ನು ಎಂಟು ಶತಮಾನ ದಾಟಿ ದೂರದ ಇನ್ನೊಂದು ತೀರಕ್ಕೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಲಾ ಹೋಯಾ ಎಂಬಲ್ಲಿ, ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಗಾಗಿ 1916ರ ಹೊತ್ತಿಗೆ ಸುಮಾರು 1000 ಅಡಿ ಉದ್ದದ ದಕ್ಕೆಯೊಂದು ಸಿದ್ಧವಾಯಿತು. ಆ ವರ್ಷದ ಆಗಸ್ಟ್ ತಿಂಗಳಿನಿಂದ ಅಲ್ಲಿ ದಿನವೂ ಕಡಲ ನೀರಿನ ಉಷ್ಣತೆಯನ್ನು ಅಳೆದು ಬರೆದಿಡುವ ಪದ್ಧತಿ ಆರಂಭವಾಯಿತು. 1988ರಲ್ಲಿ ಹಳೆಯ ದಕ್ಕೆ ಹೋಗಿ ಹೊಸದು ಬಂದಿತು. ಅಳತೆ ಮಾತ್ರ ಮುಂದುವರಿಯಿತು. ಕಡಲು ಬಿಸಿಯೇರುತ್ತಿರುವುದನ್ನು ತಿಳಿಯಲು ಇಂದು ಆ ಹಳೆಯ ಅಂಕಿಗಳೇ ಆಧಾರ. ಆದರೆ ಅದು ವಿಜ್ಞಾನಿಗಳ ದಕ್ಕೆ. ಅಲ್ಲಿ ಸಾರ್ವಜನಿಕರು ಗಾಳ ಹಾಕುವಂತಿಲ್ಲ.

ಅದೇ ಕ್ಯಾಲಿಫೋರ್ನಿಯದಲ್ಲಿ ಸಾರ್ವಜನಿಕ ದಕ್ಕೆಗಳೂ ಅನೇಕ. ಬೇರೆಡೆ ಗಾಳ ಹಾಕಲು ಪರವಾನಿಗೆ ಬೇಕು. ಈ ದಕ್ಕೆಗಳ ಮೇಲೆ ಬೇಡ. ಹಿಡಿಯಬಹುದಾದ ಮೀನಿನ ಅಳತೆ, ಸಂಖ್ಯೆಗಳ ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ. ದೋಣಿಯಿಲ್ಲದ ಬಡವನಿಗೂ, ಹೊರದೇಶದಿಂದ ಬಂದು ನೆಲೆಸಿದ ಕೂಲಿಯವನಿಗೂ ಸಂಜೆಯ ಊಟಕ್ಕೆ ನಾಲ್ಕು ಮೀನು ದೊರೆಯುವ ಸ್ಥಳವದು.

ಆದರೆ ಅರಿವಿಲ್ಲದ ಅವಕಾಶವೂ ಅಪಾಯವೇ. ಲಾಸ್ ಏಂಜಲೀಸಿನ ಬಳಿ ಕೀಟನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಡಿ.ಡಿ.ಟಿ. ವಿಷವು 1940ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಚರಂಡಿಯ ಮೂಲಕ ಕಡಲನ್ನು ಸೇರಿ ತಳದ ಕೆಸರಿನಲ್ಲಿ ಉಳಿಯಿತು. ಆ ಕೆಸರಿನಲ್ಲಿ ಮೇಯುವ ಕೆಲವು ಜಾತಿಯ ಮೀನುಗಳಲ್ಲಿ ವಿಷ ಸೇರಿತು. ತಂದೆಯಾದವನು ಮಕ್ಕಳಿಗೆಂದು ಒಯ್ಯುವ ಮೀನೇ ಹೀಗಾದರೆ ಗತಿಯೇನು? ಆಗ ದಕ್ಕೆಗಳ ಮೇಲೆ ಮೀನಿನ ಚಿತ್ರಗಳೊಡನೆ ಹಲವು ಭಾಷೆಗಳಲ್ಲಿ ಫಲಕಗಳನ್ನು ನಿಲ್ಲಿಸಿದರು. ಗಾಳ ಹಾಕುವವರ ಬಳಿಗೇ ಹೋಗಿ, ಯಾವುದನ್ನು ತಿನ್ನಬಾರದೆಂದು ವಿವರಿಸಿದರು. ದಕ್ಕೆಯು ಪಾಠಶಾಲೆಯಾದದ್ದು ಹೀಗೆ.

ನಮ್ಮ ಕರಾವಳಿಯತ್ತ ನೋಡೋಣ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರು ತೀರವಿದೆ. ಭಾರತದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಮಲ್ಪೆಯ ದಕ್ಕೆಯೂ ಮಂಗಳೂರಿನ ದಕ್ಕೆಯೂ ದುಡಿಮೆಯ ದಕ್ಕೆಗಳು; ಬುಟ್ಟಿ ಹೊತ್ತು ಓಡಾಡುವವರ ನಡುವೆ ನೋಡಲು ಬಂದವನಿಗೆ ನಿಲ್ಲಲು ತಾವಿಲ್ಲ. ಆ ದುಡಿಮೆಗೆ ಅಡ್ಡಿಯಾಗದಂತೆ ಬೇರೊಂದು ಕಡೆ, ಕಲಿಯುವುದಕ್ಕೆಂದೇ ಒಂದು ದಕ್ಕೆಯಿದ್ದರೆ ಅಲ್ಲಿನ ಪಾಠಗಳಿಗೆ ಕೊರತೆಯಿಲ್ಲ. ಮಂಗಳೂರಿನ ಬೂತಾಯಿಯೇ ಕಾರವಾರದ ತಾರ್ಲೆ. ಅಲ್ಲಿಯ ಅಂಜಲೇ ಇಲ್ಲಿಯ ಇಸ್ವಾಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಏಕೆ ಕಡಲಿಗಿಳಿಯಬಾರದು, ಮರಿಮೀನು ಗಾಳಕ್ಕೆ ಬಿದ್ದರೆ ಏಕೆ ಮರಳಿ ಬಿಡಬೇಕು ಎಂಬುದನ್ನು ಮೊಗವೀರರ, ಖಾರ್ವಿಗಳ ಹಿರಿಯರ ಬಾಯಿಂದಲೇ ಮಕ್ಕಳು ಕೇಳಬಹುದು.

ಕರಜಗಿಯ ಹುಡುಗನಿಗೆ ಅಷ್ಟು ದೂರ ಹೋಗಲಾಗದಿದ್ದರೆ ಬೇಡ. ಅಫಜಲಪುರ ತಾಲೂಕಿನಲ್ಲಿಯೇ, ಭೀಮಾ ಅಮರಜೆಗಳು ಕೂಡುವ ಗಾಣಗಾಪುರದ ಸಂಗಮಕ್ಕೆ ಜನರು ಸ್ನಾನಕ್ಕೆಂದು ಬರುತ್ತಾರೆ. ಅಲ್ಲಿ ಮಿಂದು ಮೇಲೇರುವಾಗ ಒಂದು ಗಳಿಗೆ ನಿಂತು, ಈ ನೀರಿನಲ್ಲಿ ಯಾವ ಮೀನಿದೆ, ಹಿಂದೆ ಇದ್ದು ಈಗ ಕಾಣದಿರುವುದು ಯಾವುದು ಎಂದು ಹೊಳೆಯ ದಂಡೆಯ ಬೆಸ್ತನನ್ನು ಕೇಳಿದರೆ ಸಾಕು. ಸೋಮೇಶ್ವರನು ಅರಮನೆಗಾಗಿ ಬರೆಯಿಸಿದ ಪಾಠವು ಆಗ ಊರಿನ ಪಾಠವಾಗುತ್ತದೆ. ಹೇಳಿದವನ ಹೆಸರೂ ಅದರೊಡನೆ ಉಳಿಯುತ್ತದೆ.