ಗಳದ ಲೆಕ್ಕ, ಟನ್ನಿನ ಲೆಕ್ಕ

ಕರ್ನಾಟಕದಲ್ಲಿ ಬಿದಿರಿನ ವ್ಯಾಪಾರ ಬಹುಕಾಲ ನಡೆದದ್ದು ಗಳದ ಲೆಕ್ಕದಲ್ಲಿ. ಇಷ್ಟು ಗಳ, ಇಷ್ಟು ಕಟ್ಟು, ಬುಡ ಇಷ್ಟು ದಪ್ಪ ಎಂದು ನೋಡಿ ಬೆಲೆ ಕುದುರುತ್ತಿತ್ತು. ತಕ್ಕಡಿಗೆ ಅಲ್ಲಿ ಕೆಲಸವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾಗದದ ಕಾರ್ಖಾನೆಗಳು ಬಂದಮೇಲೆ ಅದೇ ಬಿದಿರು ಟನ್ನಿನ ಲೆಕ್ಕಕ್ಕೆ ಸಿಕ್ಕಿತು. ಅಳತೆಯ ಈ ಬದಲಾವಣೆ ಬಿದಿರು ಹೆಣೆಯುವ ಮೇದಾರರ ಕಸುಬನ್ನೂ ಕಾಡಿನ ಮೆಳೆಗಳನ್ನೂ ಒಟ್ಟಿಗೇ ತಟ್ಟಿತು.

ಕಸುಬು ಹಳೆಯದು. 12ನೆಯ ಶತಮಾನದ ಶರಣ ಮೇದಾರ ಕೇತಯ್ಯ ಬುಟ್ಟಿ, ಮೊರ ಹೆಣೆದು ಮಾರಿ ದಾಸೋಹ ನಡೆಸಿದವನು, ‘ಗವರೇಶ್ವರ’ ಅಂಕಿತದಲ್ಲಿ ವಚನ ರಚಿಸಿದವನು. ಕಾಡಿಲ್ಲದ ಕಡೆಯೂ ಈ ಕಸುಬಿಗೆ ಬೇಡಿಕೆಯಿತ್ತು. ಬೆಂಗಳೂರಿನ ಉತ್ತರಕ್ಕೆ ಯಲಹಂಕ, ಜಾಲಹಳ್ಳಿ, ಶೆಟ್ಟಿಹಳ್ಳಿಗಳ ಬಯಲು ರಾಗಿಯ ಸೀಮೆಯಾಗಿತ್ತು, ಬಿದಿರುಕಾಡಿನ ಸೀಮೆಯಲ್ಲ. ಆದರೂ ಬಿದಿರಿಲ್ಲದೆ ಅಲ್ಲಿನ ಬೇಸಾಯ ನಡೆಯುತ್ತಿರಲಿಲ್ಲ. ರಾಗಿ ಕೇರಲು ಮೊರ, ಗೊಬ್ಬರ ಹೊರಲು ಮಂಕರಿ, ಕಾಳು ತುಂಬಲು ಸಗಣಿ ಸಾರಿಸಿದ ಕಣಜ, ಹತ್ತಲು ಏಣಿ, ಕೊನೆಗೆ ಹೊತ್ತೊಯ್ಯುವ ಚಟ್ಟ, ಎಲ್ಲಕ್ಕೂ ಬಿದಿರೇ ಬೇಕಿತ್ತು. ಗೌರಿ ಹಬ್ಬದ ಬಾಗಿನಕ್ಕೆ ಜೋಡಿ ಮೊರ ಇಂದಿಗೂ ಬೇಕು. ದೇವನಹಳ್ಳಿ, ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆದಂತೆ ಇನ್ನೊಂದು ದೊಡ್ಡ ಬೇಡಿಕೆ ಹುಟ್ಟಿತು. ಹುಳು ಸಾಕುವ ತಟ್ಟೆಯೂ ಅದು ಗೂಡು ಕಟ್ಟುವ ಚಂದ್ರಿಕೆಯೂ ಬಿದಿರಿನವಾಗಿದ್ದವು. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಚಂದ್ರಿಕೆಯೊಂದರಲ್ಲಿ ಗೂಡು ಕಟ್ಟಲು ಸಿದ್ಧವಾದ ಸಾವಿರದಷ್ಟು ಹಣ್ಣುಹುಳು ಹಿಡಿಸುತ್ತವೆ. ಮೇದಾರರ ಕೈಚಳಕದ ಅತ್ಯುತ್ತಮ ಮಾದರಿ ಇದೇ ಎನ್ನಬಹುದು.

ಹೆಣೆಯುವವರಿಗೆ ಗಳದ ಲೆಕ್ಕವೇ ಸರಿಹೊಂದಿದ್ದಕ್ಕೆ ಕಾರಣ ಬಿದಿರಿನ ಬೆಳವಣಿಗೆಯಲ್ಲಿದೆ. ಬಿದಿರು ಹುಲ್ಲಿನ ಕುಲದ್ದು. ಕಳಲೆ ನೆಲದಿಂದ ಮೇಲೇಳುವಾಗಲೇ ಗಳದ ಪೂರ್ತಿ ದಪ್ಪ ಹೊತ್ತು ಬರುತ್ತದೆ, ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಆಮೇಲೆ ಮರದಂತೆ ವರ್ಷವರ್ಷಕ್ಕೆ ಸುತ್ತು ಹೆಚ್ಚುವುದಿಲ್ಲ, ಒಳಗೇ ಬಲಿಯುತ್ತದೆ. ಹಾಗಾಗಿ ಒಂದು ವರ್ಷದ ಗಳ, ಮೂರು ವರ್ಷದ ಗಳ ಅಳತೆಯಲ್ಲಿ ಒಂದೇ ಇದ್ದರೂ ಒಣತೂಕದಲ್ಲಿ ಬೇರೆ. ದಬ್ಬೆ ಸೀಳಿ ಬಾಗಿಸಬೇಕಾದವರಿಗೆ ಎಳೆಯದು ಬೇಕು, ಚಪ್ಪರ ಹಾಕುವವರಿಗೆ ಬಲಿತದ್ದು. ಗಿಣ್ಣಿನ ಅಂತರ, ತೊಗಟೆಯ ಬಣ್ಣ ನೋಡಿ ಒಂದೊಂದೇ ಗಳ ಆರಿಸುವ ಜಾಣ್ಮೆಯೇ ಈ ಕಸುಬಿನ ಅರ್ಧ ಬಂಡವಾಳ. ತೂಕ ಈ ಯಾವುದನ್ನೂ ಹೇಳುವುದಿಲ್ಲ.

ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ನೋಂದಣಿಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೆ ಮೊದಲು ಉತ್ತರ ಕನ್ನಡದ ಅರಣ್ಯಾಧಿಕಾರಿಗಳು ಬಿದಿರನ್ನು ತೇಗದ ತೋಪಿನ ಕಳೆಯೆಂದು ಕಾಣುತ್ತಿದ್ದರು. ಕಾರ್ಖಾನೆ ಬಂದಕೂಡಲೇ ಆ ಕಳೆ ಕಚ್ಚಾಮಾಲಾಯಿತು, ಅದೂ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ. ಒಂದೊಂದೇ ಗಳಕ್ಕೆ ಪೇಟೆಯ ಬೆಲೆ ಕೊಡುತ್ತಿದ್ದ ಮೇದಾರರ ಪಕ್ಕದಲ್ಲಿಟ್ಟು ನೋಡಿದರೆ ಇದು ಘೋರ ಅನ್ಯಾಯ. ಕಾರ್ಖಾನೆಗೆ ಎಳೆಯದು, ಬಲಿತದ್ದು ಎಂಬ ಆಯ್ಕೆ ಮುಖ್ಯವಲ್ಲ, ರಾಶಿ ಮುಖ್ಯ.

ಕಾಡಿನಲ್ಲಿ ಎಷ್ಟು ಟನ್ ಇದೆಯೆಂದು ತಿಳಿಯಲು ಎಲ್ಲವನ್ನೂ ಕಡಿದು ತೂಗಲಾಗದು. ಮಾದರಿಗೆ ಕೆಲವು ಗಳ ಕಡಿದು, ದಪ್ಪಕ್ಕೂ ತೂಕಕ್ಕೂ ಇರುವ ಸಂಬಂಧ ಕಂಡುಕೊಂಡು, ಮೆಳೆಗಳಲ್ಲಿನ ಗಳಗಳ ಎಣಿಕೆಯಿಂದ ಗುಣಿಸುವುದು ಕ್ರಮ. ದಪ್ಪ ಇಮ್ಮಡಿಯಾದಾಗ ಸಾಮಾನ್ಯವಾಗಿ ಉದ್ದವೂ ಹೆಚ್ಚಿರುವುದರಿಂದ ತೂಕ ಇಮ್ಮಡಿಗಿಂತ ಬಹಳ ಮೇಲೆ ಏರುತ್ತದೆ. ದಪ್ಪದ ಅಳತೆಯಲ್ಲಿ ಸಣ್ಣ ತಪ್ಪಾದರೂ ಮೊತ್ತ ಎಲ್ಲಿಗೋ ಹೋಗುತ್ತದೆ. ಬಿದಿರು ದಾಸ್ತಾನಿನ ಅಂದಾಜುಗಳು ವಾಸ್ತವಕ್ಕಿಂತ ಬಹಳ ಹೆಚ್ಚಾಗಿದ್ದವು. ಮೆಳೆಗಳು ಬರಿದಾಗುತ್ತಿವೆಯೆಂದು ಬುಟ್ಟಿ ಹೆಣೆಯುವವರು ದೂರಿದ ಮೇಲೆ, 1970ರ ದಶಕದಲ್ಲಿ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅಧ್ಯಯನ ನಡೆಸಿದರು. ಅದರಲ್ಲಿ ಹೊರಬಂದ ಒಂದು ಸಂಗತಿ ಮರೆಯಬಾರದ್ದು. ಹೆಬ್ಬಿದಿರಿನ ಮೆಳೆಯ ಬುಡಕ್ಕೆ ಮುಳ್ಳಿನ ಹೊದಿಕೆಯಿರುತ್ತದೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಅದನ್ನು ಸವರಿ ತೆಗೆಯುವ ಪದ್ಧತಿ ಬಂದಿತ್ತು. ಮುಳ್ಳು ತೆಗೆದರೆ ಮೆಳೆ ಹಾಳಾಗುತ್ತದೆಂದು ಊರವರು ಹೇಳುತ್ತಿದ್ದರು. ಪರೀಕ್ಷಿಸಿದಾಗ ಊರವರ ಮಾತೇ ನಿಜವಾಯಿತು: ಮುಳ್ಳು ಹೋದ ಮೆಳೆಯ ಕಳಲೆಯನ್ನು ದನಕರು, ಕಾಡುಪ್ರಾಣಿಗಳು ಮೇಯ್ದುಬಿಡುತ್ತಿದ್ದವು.

ಅಳತೆಯಿಂದ ತೂಕ ಹೇಳುವ ವಿದ್ಯೆ ಬಳಿಕ ಬಿದಿರಿನ ಎಲೆಗೂ ಹಬ್ಬಿತು. 1911ರಲ್ಲಿ ಅಮೆರಿಕದ ವಿಜ್ಞಾನಿ ಮಾಂಟ್ಗೊಮೆರಿ ಮೆಕ್ಕೆಜೋಳಕ್ಕೆ ಸೂತ್ರವೊಂದನ್ನು ಕೊಟ್ಟಿದ್ದ: ಎಲೆಯ ಉದ್ದವನ್ನು ಅಗಲದಿಂದ ಗುಣಿಸಿ ಒಂದು ಸ್ಥಿರ ಸಂಖ್ಯೆಯಿಂದ ಮತ್ತೆ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. ಚೀನಾದ ನಾನ್‌ಜಿಂಗ್ ಅರಣ್ಯ ವಿಶ್ವವಿದ್ಯಾಲಯದವರು ಹತ್ತಾರು ಬಿದಿರು ಜಾತಿಗಳಲ್ಲಿ ಅದನ್ನು ಒರೆಗೆ ಹಚ್ಚಿದ್ದಾರೆ; ಈಟಿಯಾಕಾರದ ಎಲೆಗೆ ಸೂತ್ರ ಚೆನ್ನಾಗಿ ಒಪ್ಪುತ್ತದೆ. ತೂಕದ ವಿಷಯ ಇನ್ನೂ ಸ್ವಾರಸ್ಯದ್ದು. ಎಲೆ ದೊಡ್ಡದಾದಂತೆ ಉದ್ದಗಲಗಳ ಪ್ರಮಾಣದಲ್ಲೇ ದಪ್ಪವೂ ಏರಿದ್ದರೆ, ವಿಸ್ತೀರ್ಣ ನಾಲ್ಕು ಪಟ್ಟಾದಾಗ ತೂಕ ಎಂಟು ಪಟ್ಟಾಗಬೇಕಿತ್ತು. ಬಿದಿರಿನಲ್ಲಿ ಅಷ್ಟು ಏರುವುದಿಲ್ಲ, ನಾಲ್ಕು ಪಟ್ಟಿಗಿಂತ ತುಸು ಹೆಚ್ಚುತ್ತದೆ ಅಷ್ಟೇ. ಎಲೆ ಹಿಗ್ಗುತ್ತದೆ, ದಪ್ಪ ಅದರ ಜೊತೆ ಹೆಜ್ಜೆ ಹಾಕುವುದಿಲ್ಲ.

ಕಾನೂನು ಬಿದಿರಿನ ಹುಲ್ಲುತನವನ್ನು ತಡವಾಗಿ ಗಮನಿಸಿತು. 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರದ ಪಟ್ಟಿಗೆ ಸೇರಿಸಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿತು. 1927ರ ಕಾಯ್ದೆಗೆ ಬಂದ 2017ರ ತಿದ್ದುಪಡಿ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟು, ಕಾಡಿನ ಹೊರಗೆ ಬೆಳೆದದ್ದನ್ನು ಆ ಕಾಯ್ದೆಯ ಕಟ್ಟಿನಿಂದ ಬಿಡಿಸಿತು. ಅಷ್ಟರಲ್ಲಿ ರೇಷ್ಮೆ ಮನೆಗಳಿಗೆ ಪ್ಲಾಸ್ಟಿಕ್ ಚಂದ್ರಿಕೆ ಬಂದಿತ್ತು, ಊದಬತ್ತಿಯ ಬಿದಿರುಕಡ್ಡಿ ವಿಯೆಟ್ನಾಂ, ಚೀನಾದಿಂದ ಬರುತ್ತಿತ್ತು.